ಸೌಡಪ್ಪಣ್ಣ ಕೊಡದ ಬೇರಿಂಗ್

ಸೌಡಪ್ಪಣ್ಣನ ಶೆಡ್ಡಿನಲ್ಲಿ ಗಾಡಿಯ ಯಜಮಾನ ಕುರ್ಚಿಯ ಮೇಲೆ ಕೂತು ಪೇಪರ್ ಓದುವ ಹಾಗಿರಲಿಲ್ಲ. ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರಬೇಕು, ಬಿಚ್ಚಿದ ಒಂದೊಂದು ಸಾಮಾನನ್ನೂ ಕೈಯಲ್ಲಿ ಹಿಡಿದು ನೋಡಬೇಕು, ಕೆಲಸ ಮುಗಿದ ಮೇಲೆ ಹಳೆಯದನ್ನೆಲ್ಲ ಪೊಟ್ಟಣ ಕಟ್ಟಿಕೊಂಡು ಹೋಗಬೇಕು. "ನಾಳೆ ಸೌಡಪ್ಪ ಬದಲಾಯ್ಸಿಬಿಟ್ಟ ಅಂತ ಯಾರೂ ಹೇಳಬಾರ್ದು ಕಣ್ಣು," ಎನ್ನುತ್ತಿದ್ದರು. ಎಲ್ಲರನ್ನೂ ತಮಿಳರಂತೆ ಪ್ರೀತಿಯಿಂದ 'ಕಣ್ಣು' ಎಂದೇ ಕರೆಯುವರು. ಜನ ತಮ್ಮನ್ನು ಅನುಮಾನಿಸುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಅವರೂ ಜನರನ್ನು ಹಾಗೆಯೇ ಅನುಮಾನಿಸುತ್ತಿದ್ದರು.

ಅವರು ಸಿರುಮುಗೈಯ ನೇಕಾರರ ಮನೆಯವರು. ಮಗ್ಗ ಬಿಟ್ಟು ಕುರಿಚಿಯ ಫೌಂಡ್ರಿಯೊಂದರಲ್ಲಿ ಬಹಳ ವರ್ಷ ದುಡಿದು, ಆಮೇಲೆ ಕಾರಮಡೈ ರಸ್ತೆಯಲ್ಲಿ ಶೆಡ್ಡು ಹಾಕಿದ್ದರು. ಮೇಲೆ ನಯವಾಗಿ ಹೊಳೆಯುವ ಎರಕದೊಳಗೆ ಗುಳ್ಳೆ ಇರುವುದನ್ನು ದಿನವೂ ನೋಡಿದ ಮನುಷ್ಯ. ಹೊಸ ಬೇರಿಂಗನ್ನೂ ಎಣ್ಣೆ ತೊಳೆದು, ಕಿವಿಯ ಹತ್ತಿರ ಹಿಡಿದು ತಿರುಗಿಸಿ ನೋಡದೆ ಒಳಗೆ ಹಾಕುತ್ತಿರಲಿಲ್ಲ.

ನಮ್ಮದು ಗುಡ್ಡದ ಬುಡದಲ್ಲಿ ಕರಿಬೇವಿನ ತೋಟ. ದಾರಿ ಕಡಿದು, ಮಳೆ ಬಂದರೆ ಕೆಸರು. ಅದಕ್ಕೇ ನಾಲ್ಕು ಚಕ್ರವೂ ಎಳೆಯುವ ಹಳೆಯ ಫೋರ್ ವೀಲ್ ಡ್ರೈವ್ ಲಾರಿಯೊಂದನ್ನು ಕೊಂಡಿದ್ದೆ. ಎಡಗಡೆಯ ಮುಂದಿನ ಚಕ್ರದಿಂದ ಗುಂಯ್ ಎಂಬ ಸದ್ದು ಶುರುವಾದಾಗ ಸೌಡಪ್ಪಣ್ಣನ ಹತ್ತಿರ ಹೋದೆ.

"ಬೇರಿಂಗ್ ಹೋಗಿದೆ ಅಣ್ಣಾ," ಎಂದೆ.

"ಅದು ನೀನು ಹೇಳೋದು. ವಂಡಿ ಏನ್ ಹೇಳ್ತದೆ ಕೇಳಣ."

ಜಾಕ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಟಕ್ ಟಕ್ ಎಂದು ಆಡಿತು. ನನ್ನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸಿದರು. ಆಟ ನಿಂತಿತ್ತು. "ಬ್ರೇಕ್ ಒತ್ತಿದ್ರೂ ಆಡಿದ್ರೆ ಚಕ್ರ ಹೊರಳ್ಸೋ ಕಿಂಗ್ ಪಿನ್ ಸವೆದಿದೆ ಅಂತ ಅರ್ತ. ಇದು ನಿಂತೋಯ್ತು. ಬೇರಿಂಗೇ. ನೀನು ಹೇಳಿದ್ದು ನಿಜಾನೇ," ಎಂದು ಕೊಂಚ ನಿರಾಶೆಯಿಂದ ಎದ್ದರು.

ಚಕ್ರದ ನಡುವಿನ ಹಬ್ ಬಿಚ್ಚಿ ಹೊಸ ಬೇರಿಂಗ್ ಕೂರಿಸಿದ ಮೇಲೆ ನಟ್ಟಿನ ಬಿಗಿ ನೋಡಲು ಅವರು ಹೊರತೆಗೆದದ್ದು ನೂಲು ತೂಗುವ ಸ್ಪ್ರಿಂಗ್ ತಕ್ಕಡಿ, ಅಪ್ಪನ ಮಗ್ಗದ ಮನೆಯದು. ಚಕ್ರದ ಬೋಲ್ಟಿಗೆ ದಾರ ಕಟ್ಟಿ, ತಕ್ಕಡಿಯಿಂದ ಮೆಲ್ಲನೆ ಎಳೆದು, ಮುಳ್ಳು ಎಲ್ಲಿ ಬಂದಾಗ ಹಬ್ ತಿರುಗುತ್ತದೆ ಎಂದು ನೋಡುವರು. "ಸಡಿಲ ಆದ್ರೆ ಆಡ್ತದೆ, ಬಿಗಿ ಆದ್ರೆ ಉರಿದೋಗ್ತದೆ. ಕೈ ಅಂದಾಜು ಪೊಯ್ ಹೇಳ್ತದೆ, ತಕ್ಕಡಿ ಸುಳ್ಳು ಹೇಳಾದಿಲ್ಲ."

ಅಂದು ಹಳೆಯ ಸಾಮಾನೆಲ್ಲ ಕೊಟ್ಟರು, ಹಳೆಯ ಬೇರಿಂಗ್ ಒಂದನ್ನು ಬಿಟ್ಟು. ಆರು ತಿಂಗಳ ಹಿಂದೆಯಷ್ಟೇ ಪೇಟೆಯ ಅಂಗಡಿಯಿಂದ ನಾನೇ ತಂದು ಬೇರೆಯವರ ಕೈಲಿ ಹಾಕಿಸಿದ್ದ ಬೇರಿಂಗ್ ಅದು.

"ಇದು ನನ್ನತ್ರ ಇರ್ಲಿ," ಎಂದರು.

"ಯಾಕಣ್ಣಾ?"

"ಒಂದು ಸಂದೇಗ." ಅಷ್ಟೇ. ಅದನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು.

ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಎಲ್ಲರಿಗೂ ಎಲ್ಲವನ್ನೂ ಕೊಡುವ ಮನುಷ್ಯ ಇದೊಂದನ್ನು ಯಾಕೆ ಇಟ್ಟುಕೊಂಡ? ಅದು ಚೆನ್ನಾಗಿಯೇ ಇತ್ತೇನೋ. ಹೊಸದೆಂದು ತೋರಿಸಿದ್ದು ಹೊಸದಲ್ಲವೇನೋ. ಮರುದಿನ ಟೀ ಅಂಗಡಿಯಲ್ಲಿ ಮಾತಿಗೆ ಮಾತು ಬಂದಾಗ, "ಸೌಡಪ್ಪಣ್ಣನೂ ಕೈಚಳಕ ಕಲ್ತವ್ರೆ," ಎಂದುಬಿಟ್ಟೆ. ಕೇಳಿದವರು ನಕ್ಕರು. ಹೇಳಿದ ಮೇಲೆ ನನ್ನ ಅನುಮಾನಕ್ಕೆ ಇನ್ನಷ್ಟು ಬಲ ಬಂತು. ತೋಟದ ಮನೆಯಲ್ಲಿ ಲಾರಿ ನಿಲ್ಲಿಸಿ ನಾನೇ ಹಬ್ ಬಿಚ್ಚಿದೆ. ಸರಿಯಾದ ಸ್ಪ್ಯಾನರ್ ಇರಲಿಲ್ಲ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ನಟ್ಟು ತಿರುಗಿಸಿದೆ. ಬೇರಿಂಗ್ ಹೊಸದೇ ಆಗಿತ್ತು. ನಾಚಿಕೆಯಾಯಿತು. ಮತ್ತೆ ಮುಚ್ಚಿ, ಸಡಿಲಾಗದಿರಲಿ ಎಂದು ಇನ್ನೆರಡು ಏಟು ಜಾಸ್ತಿಯೇ ಹೊಡೆದೆ.

ಮೂರನೆಯ ದಿನ ಕರಿಬೇವಿನ ಕಟ್ಟುಗಳ ಮೇಲೆ ನಾಲ್ವರು ಆಳು ಹೆಂಗಸರು, ಮುಂದೆ ನನ್ನ ಪಕ್ಕದಲ್ಲಿ ಹೆಂಡತಿ ಭಾಗ್ಯ. ಇಳಿಜಾರಿನಲ್ಲಿ ಗ್ರೀಸ್ ಸುಟ್ಟ ವಾಸನೆ ಬಂತು. "ಏನೋ ಕರಿಕು ವಾಸನೆ, ನಿಲ್ಸಿ," ಎಂದಳು ಭಾಗ್ಯ. ನಾನು ಬ್ರೇಕಿಗೆ ಕಾಲಿಡುವಷ್ಟರಲ್ಲಿ ಚಕ್ರ ಕಚ್ಚಿಕೊಂಡು ಲಾರಿ ಎಡಕ್ಕೆ ಎಳೆದು ಮಣ್ಣಿನ ದಿಬ್ಬಕ್ಕೆ ನುಗ್ಗಿತು. ಹಿಂದಿನವರಿಗೆ ಸೊಪ್ಪಿನ ಕಟ್ಟುಗಳಿದ್ದುದರಿಂದ ಏನೂ ಆಗಲಿಲ್ಲ. ಭಾಗ್ಯಳ ಮಣಿಕಟ್ಟು ಮುರಿಯಿತು. ಬಲಗಡೆ ಪ್ರಪಾತ. ಚಕ್ರ ಆ ಕಡೆಗೆ ಎಳೆದಿದ್ದರೆ ಏನಾಗುತ್ತಿತ್ತೆಂದು ಇವತ್ತಿಗೂ ಯೋಚಿಸಲಾರೆ.

ಸೇರಿದ ಜನರ ಮುಂದೆ ನಾನು ಹೇಳಿದ್ದೇನು? "ಸೌಡಪ್ಪಣ್ಣ ಹಾಕಿದ ಬೇರಿಂಗು. ಮೂರೇ ದಿನ ಆಗಿದ್ದು."

ಯಾರೋ ಫೋನ್ ಮಾಡಿದರು. ಭಾಗ್ಯಳನ್ನು, ಸುದ್ದಿ ಕೇಳಿ ಓಡಿಬಂದ ಅವಳ ಅಕ್ಕನ ಜೊತೆ ಆಸ್ಪತ್ರೆಗೆ ಕಳಿಸುತ್ತಿರುವಾಗ ಸೌಡಪ್ಪಣ್ಣ ಮೊಪೆಡ್ಡಿನಲ್ಲಿ ಬಂದರು. ನೇರ ಚಕ್ರದ ಹತ್ತಿರ ಹೋಗಿ ಹಬ್ ಬಿಚ್ಚಿದರು. ರೋಲರುಗಳು ನೀಲಿಗಟ್ಟಿ ಪುಡಿಯಾಗಿದ್ದವು. ನಟ್ಟನ್ನು ಬಟ್ಟೆಯಲ್ಲಿ ಒರೆಸಿ, ಬಹಳ ಹೊತ್ತು ನೋಡಿ, ನನ್ನ ಅಂಗೈಯಲ್ಲಿಟ್ಟರು. ಅದರ ಅಂಚಿನಲ್ಲಿ ಉಳಿಯ ಗಾಯಗಳು.

ಜನ ಸುತ್ತ ನಿಂತು ನೋಡುತ್ತಿದ್ದರು. ಕೊನೆಗೆ ನಾನೇ, "ನಾನು ಬಿಚ್ಚಿ ನೋಡಿದೆ ಅಣ್ಣಾ. ನಾನೇ ಬಿಗಿ ಮಾಡಿದ್ದು," ಎಂದೆ.

"ಯಾಕ್ ಬಿಚ್ಚಿದೆ?"

"ಹಳೇ ಬೇರಿಂಗ್ ನೀವು ಕೊಡ್ಲಿಲ್ಲ..."

ಅವರು ಮೊಪೆಡ್ಡಿನ ಚೀಲದಿಂದ ಅದನ್ನು ತೆಗೆದರು. ಅದರ ಉಂಗುರವನ್ನು ಕತ್ತರಿಸಿ ನೋಡಿದ್ದರು. "ಕುರಿಚೀಲಿ ನನ್ ಹಳೇ ಸ್ನೇಹಿತನತ್ರ ತೋರ್ಸಿದೆ. ಉಕ್ಕು ಮೆತ್ತಗೆ. ಕಂಪನಿ ಹೆಸ್ರು ಹಾಕಿರೋ ಪೊಯ್ ಸಾಮಾನು. ಅಂಗಡಿಯೋನು ಬೇಕಂತ ಕೊಟ್ನೋ, ಅವನಿಗೂ ಯಾರಾದ್ರೂ ಮೋಸ ಮಾಡಿದ್ರೋ? ಗೊತ್ತಾಗ್ದೆ ಒಬ್ರ ಹೆಸ್ರು ಹೆಂಗ್ ಹೇಳಾದು? ಅಗ್ಗಕ್ಕೆ ಸಿಗ್ತದೆ ಅಂತ ನೀನೇ ತಿಳಿದೂ ತಂದ್ಯೋ ಅಂತ ನಿನ್ ಮೇಲೂ ಸಂದೇಗ ಇತ್ತು. ಅದ್ನೂ ಯಾರಿಗೂ ಹೇಳ್ಲಿಲ್ಲ."

ಶೆಡ್ಡಿನಿಂದ ಬೇರೆ ಬೇರಿಂಗ್ ತರಿಸಿ, ಅಲ್ಲೇ ಇಳಿಜಾರಿನಲ್ಲಿ ಕೂತು ಲಾರಿ ಸರಿ ಮಾಡಿದರು. ಮರುದಿನ ಟೀ ಅಂಗಡಿಗೆ ಹೋಗಿ ನಾನು ಆಡಿದ್ದು ಸುಳ್ಳೆಂದು ಹೇಳಿದೆ. ಅಂದು ನಕ್ಕವರೆಲ್ಲರೂ ಅಲ್ಲಿರಲಿಲ್ಲ. ಇಲ್ಲದವರ ಮನೆಗಳನ್ನು ಹುಡುಕಿಕೊಂಡು ಹೋದೆ. ಆದರೂ ಇಬ್ಬರು ಲಾರಿಯವರು ಆ ಶೆಡ್ಡಿಗೆ ಮತ್ತೆ ಹೋಗಲಿಲ್ಲ.

ಆಮೇಲೆ ಸೌಡಪ್ಪಣ್ಣ ನನ್ನ ಲಾರಿ ಮುಟ್ಟಲಿಲ್ಲ. ನಮ್ಮ ಮನೆಗೆ ಬಂದರು, ಭಾಗ್ಯಳ ಕೈ ಹಿಡಿದು ನೋಡಿದರು, ಊಟ ಮಾಡಿದರು. ಲಾರಿಯ ಮಾತೆತ್ತಿದರೆ ಮಾತ್ರ, "ಬೇಡ ಕಣ್ಣು, ಬೇರೆ ಕಡೆ ತೋರ್ಸು," ಎನ್ನುತ್ತಿದ್ದರು.

ಕಡೆಯ ಬಾರಿ ಕಂಡದ್ದು ತಿರುಪ್ಪೂರಿನಲ್ಲಿ, ಅವರ ಮಗಳ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. "ಇನ್ನೂ ಕೋಪಾನಾ ಅಣ್ಣಾ?" ಎಂದು ಕೇಳಿದೆ.

"ಕೋಪ ಇಲ್ಲ ಸಾಮಿ. ನಾನು ಮುಚ್ಚಿದ್ದನ್ನ ಹಿಂದಿಂದ ಯಾರೋ ಬಿಚ್ಚಿ ನೋಡ್ತಾರೆ ಅನ್ನಿಸಿದ್ರೆ ಕೈ ಓಡಾದಿಲ್ಲ. ಅಷ್ಟೇ." ಆಮೇಲೆ ಕರಿಬೇವಿಗೆ ಬಂದ ಹುಳುವಿನ ಬಗ್ಗೆ ಕೇಳಿದರು.

ಮೂರು ತಿಂಗಳಿಗೆ ತೀರಿಕೊಂಡರು. ಸುದ್ದಿ ಬಂದಾಗ ತೋಟದಿಂದ ಅದೇ ಲಾರಿಯಲ್ಲೇ ಹೊರಟೆ. ಅವರ ಮಗಳ ಬೀದಿ ಬಂದಾಗ, ಅವರು ಮತ್ತೆ ಮುಟ್ಟದ ಆ ಲಾರಿಯನ್ನು ತಿರುವಿನಲ್ಲೇ ನಿಲ್ಲಿಸಿ, ಉಳಿದ ದಾರಿ ನಡೆದು ಹೋದೆ.