ಗಂಟಲು ನನ್ನದು, ಅರ್ಥ ಮಾವನದು

ನನ್ನ ಗಂಟಲು ಚೆನ್ನಾಗಿತ್ತು. ನನಗೆ ಮೇಷ್ಟ್ರ ಕೆಲಸ ಸಿಕ್ಕಿದ್ದೂ ಅದರಿಂದಲೇ, ಆ ಕೆಲಸದಲ್ಲಿ ತಲೆ ತಗ್ಗಿಸುವಂತಾದದ್ದೂ ಅದರಿಂದಲೇ.

ನಮ್ಮ ಮನೆಯ ಜಗಲಿಯಲ್ಲಿ ಶ್ರಾವಣ ಶನಿವಾರಗಳಂದು ಪುರಾಣ ಓದಿಸುತ್ತಿದ್ದರು. ಓದುವವನೊಬ್ಬ, ಅರ್ಥ ಹೇಳುವವನು ಇನ್ನೊಬ್ಬ. ಹಿಂದಿನಿಂದ ಬಂದ ಪದ್ಧತಿ ಅದು. ಮೀಸೆ ಮೂಡುವ ಮೊದಲೇ ಓದುವ ಕೆಲಸ ನನ್ನ ಪಾಲಿಗೆ ಬಂತು. ನಾನು ಪದ್ಯವನ್ನು ರಾಗವಾಗಿ ಎಳೆದು ನಿಲ್ಲಿಸಿದರೆ, ಪಕ್ಕದಲ್ಲಿ ಕೂತ ಸೋದರಮಾವ ಬಾಯಲ್ಲಿದ್ದ ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿಕೊಂಡು ಅರ್ಥ ಬಿಡಿಸುತ್ತಿದ್ದರು. ಅವರು ಹೇಳುವಷ್ಟು ಹೊತ್ತು ನಾನು ಮುಂದಿನ ಪದ್ಯದ ಮೇಲೆ ಬೆರಳಿಟ್ಟು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಕಥೆಯಲ್ಲಿ ಯಾರು ಗೆದ್ದರು, ಯಾರು ಅತ್ತರು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಜನ ಕಂಠವನ್ನು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ಓದು ಅಂದರೆ ಅಷ್ಟೇ ಅಂದುಕೊಂಡು ಬೆಳೆದೆ. ಒಬ್ಬನೇ ಕೂತು, ಬಾಯಿ ಮುಚ್ಚಿಕೊಂಡು, ಒಂದು ಪುಸ್ತಕವನ್ನು ಓದಿ ಮುಗಿಸಿದ್ದು ಮಾತ್ರ ಇಲ್ಲವೇ ಇಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ನೆಲಮಂಗಲದ ಆಚೆಯ ಒಂದು ಹಳ್ಳಿಗೆ ಮೇಷ್ಟ್ರಾಗಿ ಹೋದೆ. ದೇವಸ್ಥಾನದ ಹಜಾರವೇ ಶಾಲೆ. ಮೂರನೇ ತರಗತಿಯವರೆಗೂ ನಾನೊಬ್ಬನೇ. ನನಗೆ ಬಂದದ್ದನ್ನೇ ಮಕ್ಕಳಿಗೂ ಕಲಿಸಿದೆ. ಪದ್ಯವಿರಲಿ, ಹಸುವಿನ ಮೇಲಿನ ಪಾಠವಿರಲಿ, ಎಲ್ಲಕ್ಕೂ ಒಂದೇ ರಾಗ, ಒಂದೇ ತೂಗಾಟ. ಹೊಲದಲ್ಲಿ ಕಳೆ ಕೀಳುವವರಿಗೂ ಕೇಳಿಸಿದರೆ ಅದು ಒಳ್ಳೆಯ ಶಾಲೆ ಅನ್ನುವುದು ಊರಿನವರ ಲೆಕ್ಕ. ನನ್ನ ಲೆಕ್ಕವೂ ಅದೇ. ಯಾವ ಮಗುವಾದರೂ ಅರ್ಥ ಕೇಳಿದರೆ, ಮೊದಲು ಓದುವುದನ್ನು ಕಲಿ ಎಂದು ಗದರುತ್ತಿದ್ದೆ.

ನಾಲ್ಕನೇ ತರಗತಿ ಕೊಡಿ ಎಂದು ಊರಿನವರು ಮೇಲಿನವರನ್ನು ಕೇಳಿಕೊಂಡಿದ್ದರು. ಮೂರನೆಯದು ಮುಗಿಸಿದ ಹುಡುಗರು ಹೇಗೋ ನೆಲಮಂಗಲಕ್ಕೆ ನಡೆದುಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಆ ವರ್ಷ ಮೂರನೆಯದರಲ್ಲಿ ಒಬ್ಬ ರೈತನ ಮಗಳಿದ್ದಳು, ಬಲು ಚುರುಕು. ಊರಲ್ಲೇ ನಾಲ್ಕನೆಯದು ಬಂದರೆ ಓದಲಿ, ಇಲ್ಲದಿದ್ದರೆ ಮನೆಯಲ್ಲಿ ಬೇಕಾದಷ್ಟು ಕೆಲಸ ಬಿದ್ದಿದೆ ಎಂದು ಅವಳಪ್ಪ ನನ್ನೆದುರೇ ಹೇಳಿದ್ದ. ಬಂದೇ ಬರುತ್ತದೆ, ಅದು ನನ್ನ ಜವಾಬ್ದಾರಿ ಎಂದು ನಾನು ಎದೆ ತಟ್ಟಿಕೊಂಡಿದ್ದೆ.

ವರ್ಷದ ಕೊನೆಗೆ, ನಾಲ್ಕನೆಯದನ್ನು ಕೊಡಬಹುದೇ ಎಂದು ನೋಡಲು ಇನ್‌ಸ್ಪೆಕ್ಟರು ಬಂದರು. ಇದ್ದಿಲು ಉರಿಸಿ ಓಡಿಸುವ ಬಸ್ಸು ಅರಿಶಿನಕುಂಟೆಯ ಹತ್ತಿರ ಕೈಕೊಟ್ಟಿದ್ದರಿಂದ ಉಳಿದ ದಾರಿಯನ್ನು ಬಿಸಿಲಲ್ಲಿ ನಡೆದು ಬಂದಿದ್ದರು. ಆದರೂ ಸಿಡುಕಲಿಲ್ಲ. ಚೀಲದಿಂದ ತಮ್ಮದೊಂದು ಕಥೆ ಪುಸ್ತಕ ತೆಗೆದು ಆ ಹುಡುಗಿಗೆ ಕೊಟ್ಟರು. ಅವಳು ಒಂದು ಪುಟವನ್ನು ನನ್ನದೇ ರಾಗದಲ್ಲಿ, ನನ್ನ ಹಾಗೆಯೇ ತೂಗುತ್ತಾ, ಎಲ್ಲೂ ತಡವರಿಸದೆ ಓದಿದಳು. ಮೆಟ್ಟಿಲ ಮೇಲೆ ನಿಂತಿದ್ದ ಊರಿನವರು ತಲೆದೂಗಿದರು. ಕಥೆಯಲ್ಲಿ ಏನು ನಡೆಯಿತು ಹೇಳು ಮಗು ಎಂದು ಇನ್‌ಸ್ಪೆಕ್ಟರು ಕೇಳಿದರು. ಅವಳು ನನ್ನ ಮುಖ ನೋಡಿದಳು. ಪುಸ್ತಕವನ್ನು ಬೇರೆ ಮಕ್ಕಳಿಗೆ ಕೊಟ್ಟರು. ಅವರೂ ಓದಿದರು, ಓದಿ ನನ್ನ ಮುಖವನ್ನೇ ನೋಡಿದರು.

ಹೊಸ ಪುಸ್ತಕವಲ್ಲವೇ, ನೀವೇ ಒಮ್ಮೆ ಓದಿ ತೋರಿಸಿ ಎಂದು ಇನ್‌ಸ್ಪೆಕ್ಟರು ನನಗೆ ಹೇಳಿದರು. ನನ್ನನ್ನು ಪಾರುಮಾಡಲೆಂದೇ ಹಾಗೆ ಹೇಳಿರಬೇಕು. ನಾನು ಎದ್ದು ನಿಂತು, ಇಡೀ ಕಥೆಯನ್ನು ಜಗಲಿಯ ಪುರಾಣದಂತೆ ಮೊಳಗಿಸಿಬಿಟ್ಟೆ. ಅವರು ಪುಸ್ತಕ ಇಸಕೊಂಡು, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು.

"ಕಂಠ ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ನಾಲ್ಕನೇ ತರಗತಿ ಈ ವರ್ಷ ಬೇಡ."

ನನಗೆ ಕಿವಿಯವರೆಗೂ ಬಿಸಿಯೇರಿತು. ಕಥೆ ಹೇಳಿಸುವುದಕ್ಕೆ ಶಾಲೆ ಯಾಕೆ ಬೇಕು ಎಂದು ಒಳಗೊಳಗೇ ಬೈದುಕೊಂಡೆ. ಅವರು ಹೊರಟ ಮೇಲೆ ಊರಿನವರಿಗೆ ವಿಷಯ ತಿಳಿಯಿತು. ಒಬ್ಬರಾದರೂ ನನ್ನನ್ನು ದೂರಲಿಲ್ಲ. ನಮ್ಮ ಮೇಷ್ಟ್ರು ಇಷ್ಟು ಚೆನ್ನಾಗಿ ಓದಿದರೂ ಕೊಡಲಿಲ್ಲವಲ್ಲ ಎಂದು ಆ ಪುಣ್ಯಾತ್ಮನನ್ನೇ ಬೈದರು. ಅದನ್ನು ಕೇಳಿಕೊಂಡು ನಿಂತದ್ದಕ್ಕೆ ನನಗೆ ಇನ್ನಷ್ಟು ನಾಚಿಕೆಯಾಯಿತು.

ಹುಡುಗಿಯ ಅಪ್ಪ ಅವಳ ಸ್ಲೇಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ. ಅವಳು ಕಂಬದ ಹತ್ತಿರ ನಿಂತುಬಿಟ್ಟಳು.

"ಮೇಷ್ಟ್ರೇ, ಈಗ ನೀವು ಓದಿದ್ರಲ್ಲ, ಮಗ ಬಂದು ಕೂಗಿದ್ರೂ ಆ ಮುದುಕಿ ಯಾಕೆ ಬಾಗ್ಲು ತೆಗೀಲಿಲ್ಲ?"

ಆ ಕಥೆಯಲ್ಲಿ ಒಬ್ಬ ಮುದುಕಿ ಇದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ಪುಸ್ತಕ ಇನ್‌ಸ್ಪೆಕ್ಟರ ಚೀಲದಲ್ಲಿ ಹೊರಟುಹೋಗಿತ್ತು.

"ನಾಳೆ ಹೇಳ್ತೀನಿ ಕಣವ್ವ" ಅಂದೆ.

ನಾಳೆಯಿಂದ ಅವಳು ಶಾಲೆಗೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಹೂಂ ಅಂದು ಅಪ್ಪನ ಹಿಂದೆ ಹೋದಳು.