ತೇಪೆ ಅಕ್ಕ ಮತ್ತು ನಾಲ್ಕನೆಯ ಮಾಪಕ

ಕಾಗದದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ತೇಪೆ ಅಕ್ಕ ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಕೋಣೆಯಲ್ಲಿ ಕುಳಿತು ಅಂಕಿಗಳ ತೂತು ಮುಚ್ಚುವುದು ಅವಳ ಕೆಲಸ. ಬಾಯ್ಲರಿನ ಮೈಗೆ ಕೂರಿಸಿದ ಎಂಟು ಮಾಪಕಗಳು ನಿಮಿಷಕ್ಕೊಮ್ಮೆ ಶಾಖದ ಅಂಕಿ ಕಳುಹಿಸುತ್ತಿದ್ದವು. ಹಳೆಯ ವರ್ಷಗಳ ಅಂಕಿಗಳನ್ನು ಓದಿ ಕಲಿತ ಅವಳ ಪ್ರೋಗ್ರಾಂ, ಅಪಾಯ ಬರುವ ಮುಂಚೆಯೇ ಪರದೆಯನ್ನು ಕೆಂಪಾಗಿಸಬೇಕು. ಆದರೆ ಒಂದೇ ಒಂದು ಅಂಕಿ ಬಾರದಿದ್ದರೂ ಅದು ಮುಷ್ಕರ ಹೂಡುತ್ತಿತ್ತು. ಅದಕ್ಕೆ ಅವಳು ಒಂದು ಸಾಲು ಬರೆದಿಟ್ಟಿದ್ದಳು: ಅಂಕಿ ಇಲ್ಲದ ಕಡೆ ಆ ಮಾಪಕದ ಸರಾಸರಿಯನ್ನು ತುಂಬು. ಅಂದಿನಿಂದ ಪ್ರೋಗ್ರಾಂ ತಕರಾರು ಮಾಡಲಿಲ್ಲ. ಪರದೆ ಸದಾ ಹಸಿರು.

ಬಾಯ್ಲರ್ ಮನೆಯಲ್ಲಿ ಬೆಂಕಿ ನೋಡಿಕೊಳ್ಳುವವನು ಅವಳ ಒಡಹುಟ್ಟಿದ ತಮ್ಮ. ಚಿಕ್ಕಂದಿನಲ್ಲಿ ಅವನ ಹರಿದ ಚಡ್ಡಿಗೆ ತೇಪೆ ಹಾಕಿದವಳೂ ಅವಳೇ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದರು.

“ನಿನ್ನ ನಾಲ್ಕನೆಯ ಮಾಪಕಕ್ಕೆ ನನ್ನ ಹೆಂಡತಿಯ ಗುಣ ಕಣಕ್ಕಾ,” ಎಂದ ಅವನು ಒಂದು ದಿನ.

“ಯಾಕೋ, ಅವಳೇನು ಮಾಡಿದಳು ಪಾಪ?”

“ಕೋಪ ಮಿತಿ ಮೀರಿದರೆ ಮಾತೇ ಬಿಟ್ಟುಬಿಡ್ತಾಳೆ. ಇದೂ ಹಾಗೇ, ಅದರ ಮೈಮೇಲೇ ಅಂಕಿ ಕಾಣುತ್ತಲ್ಲ. ಶಾಖ ಏರಿ ಏರಿ ನಾಲ್ಕುನೂರು ದಾಟಿದ್ದೇ ತಡ, ಗಪ್‌ಚುಪ್! ಅದರ ಅಳತೆ ಅಲ್ಲಿಗೇ ಮುಗೀತಂತೆ. ಇವತ್ತಂತೂ ಬೆಳಿಗ್ಗೆಯಿಂದ ಮೂಕ.”

ಅವಳು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಅವನು ಟವೆಲ್ ಕೊಡವಿ ಹೆಗಲಿಗೇರಿಸಿಕೊಂಡು ಒಳಗೆ ಹೋದ.

ಅವಳು ಕೋಣೆಗೆ ಓಡಿ, ತೇಪೆ ಹಾಕುವ ಮುಂಚಿನ ಅಂಕಿಗಳನ್ನು ತೆರೆದಳು. ಹೋದ ತಿಂಗಳು ನಾಲ್ಕನೆಯದು ಮೂರು ಸಲ ಖಾಲಿ. ಈ ತಿಂಗಳು ಅರವತ್ತು ಸಲ. ತಂತಿ ಸಡಿಲವಾಗಿದೆ ಎಂದುಕೊಂಡಿದ್ದಳು ಇಷ್ಟು ದಿನ. ಪ್ರತಿ ಖಾಲಿಗೂ ಮುಂಚೆ ಅಂಕಿಗಳು ಮೆಟ್ಟಿಲು ಹತ್ತಿದ್ದವು: ಮುನ್ನೂರ ಎಪ್ಪತ್ತು, ಮುನ್ನೂರ ಎಂಬತ್ತೈದು, ಮುನ್ನೂರ ತೊಂಬತ್ತೆಂಟು. ಆಮೇಲೆ ಏನೂ ಇಲ್ಲ. ಆ ಜಾಗದಲ್ಲೆಲ್ಲ ಅವಳ ಸಾಲು ಇನ್ನೂರ ನಲವತ್ತು ಎಂದು ತುಂಬಿತ್ತು, ಪ್ರೋಗ್ರಾಂ ಅದನ್ನೇ ನಂಬಿ ಪರದೆಯನ್ನು ಹಸಿರಾಗಿಯೇ ಇಟ್ಟಿತ್ತು.

ಬಾಯ್ಲರ್ ಮನೆಗೆ ಮಾಡಿದ ಫೋನು ಆರು ಸಲ ಹೊಡೆದುಕೊಂಡ ಮೇಲೆ ತಮ್ಮ ಎತ್ತಿದ.

“ಏನಕ್ಕಾ, ಬುತ್ತಿ ಡಬ್ಬಿ ಮರೆತೆನಾ?”

“ಬೆಂಕಿ ಆರಿಸು. ಎಲ್ಲರನ್ನೂ ಕರ್ಕೊಂಡು ಹೊರಗೆ ಬಾ.”

“ಇಲ್ಲಿನ ಪರದೆಯೂ ಹಸಿರಿದೆಯಲ್ಲ! ಮೇಲ್ವಿಚಾರಕರು ಬೈತಾರೆ.”

“ಆ ಹಸಿರು ನನ್ನ ತೇಪೆ ಕಣೋ! ಬಾರೋ ಹೊರಗೆ!”

ಬಾಯ್ಲರ್ ತಣ್ಣಗಾಗಲು ಎರಡು ದಿನ ಬೇಕಾಯಿತು. ನಾಲ್ಕನೆಯ ಮಾಪಕದ ಪಕ್ಕದಲ್ಲಿ ಕಬ್ಬಿಣದ ತಗಡು ಅಂಗೈಯಗಲ ಊದಿತ್ತು. ಫಿಟ್ಟರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದವನು ಥಟ್ಟನೆ ಕೈ ಹಿಂದೆಗೆದುಕೊಂಡ. “ಇನ್ನೊಂದು ಮಧ್ಯಾಹ್ನ ಉರಿಸಿದ್ದರೆ ಒಡೆದೇ ಹೋಗ್ತಿತ್ತು,” ಎಂದ.

ಅವಳು ಆ ಸಾಲನ್ನು ಅಳಿಸಿದಳು. ಈಗ ಅಂಕಿ ಬಾರದಿದ್ದರೆ ಪರದೆಯಲ್ಲಿ ಆ ಮಾಪಕದ ಚೌಕ ಕಪ್ಪಾಗುತ್ತದೆ, ಬಾಯ್ಲರ್ ಮನೆಯಲ್ಲಿ ಗಂಟೆ ಹೊಡೆಯುತ್ತದೆ, ಎಲ್ಲರೂ ಹೊರಗೆ ಬರಬೇಕು. “ನೋಡೋಕೆ ಚೆನ್ನಾಗಿಲ್ಲಮ್ಮ, ಹಸಿರೇ ಚೆನ್ನಾಗಿತ್ತು,” ಎಂದು ಮೇಲ್ವಿಚಾರಕರು ಮುಖ ಸಿಂಡರಿಸಿದರು. ತಗಡು ಬದಲಾಯಿತು. ಬೆಂಕಿ ಮತ್ತೆ ಹೊತ್ತಿತು.

ಮೂರನೆಯ ವಾರ, ಬೆಳಗಿನ ಹತ್ತು ಗಂಟೆಗೆ ಎರಡನೆಯ ಮಾಪಕ ಮೆಟ್ಟಿಲು ಹತ್ತತೊಡಗಿತು. ಮುನ್ನೂರ ಎಂಬತ್ತಾರು. ಮುನ್ನೂರ ತೊಂಬತ್ತೇಳು. ಚೌಕ ಕಪ್ಪಾಯಿತು. ಅಂಗಳದಾಚೆ ಗಂಟೆ ಕೇಳಿಸಿತು. ಅವಳು ಕಿಟಕಿಗೆ ಮುಖವೊತ್ತಿ ತಲೆ ಎಣಿಸಿದಳು. ಒಬ್ಬ, ಇಬ್ಬರು, ಐವರು. ಕೊನೆಗೆ ತಮ್ಮ. ಅವನು ಅವಳತ್ತ ಕೈ ಎತ್ತಿದ. ಅವನ ಬೆನ್ನ ಹಿಂದೆ, ಗೋಡೆಯ ಒಳಗೆ, ಕಬ್ಬಿಣ ಒಮ್ಮೆ ದೀರ್ಘವಾಗಿ ನರಳಿತು.