ವೋಟು ಹಾಕಿದವರ ಪಟ್ಟಿಯಲ್ಲಿ ನನ್ನ ಹೆಸರು

“ನೀವು ಎಂದೂ ಅಣ್ಣ ಆಗುವುದಿಲ್ಲ” — ಹೀಗೆ ಬರೆದವಳು ನಾನು. ಬೇರೆ ಯಾರೂ ಅಲ್ಲ. ಗುಜರಾತಿನಲ್ಲಿ ಓದುತ್ತಿರುವ ಕನ್ನಡಿಗರ ಆನ್‌ಲೈನ್ ಗುಂಪಿನಲ್ಲಿ, ಎಲ್ಲರ ಕಣ್ಣೆದುರು, ಅಡ್ಮಿನ್ ಎಂಬ ದರ್ಪದಲ್ಲಿ ಬರೆದೆ. ಬರೆದು, ಆ ಮನುಷ್ಯನನ್ನು ಸುಳ್ಳುಗಾರ ಎಂದು ಗುಂಪಿನಿಂದ ಹೊರಗೆ ಹಾಕಿದೆ. ಹಾಕುವಾಗ ಸುಳ್ಳು ಹೆಸರಿನಲ್ಲಿದ್ದವಳು ನಾನು.

ಆ ಮನುಷ್ಯನನ್ನು ಇಲ್ಲಿ ವೀರೇಶ ಎನ್ನುತ್ತೇನೆ. ಅವನ ಹೆಸರು ಬೇರೆ. ಇದನ್ನು ಬರೆಯಲೇ ಎಂದು ಕೇಳಿದಾಗ, ಬರೆಯಿರಿ, ಆದರೆ ಅದರಲ್ಲಿ ಹಾಕುವ ಹೆಸರು ನಾನೇ ಆರಿಸುತ್ತೇನೆ ಎಂದ. ಸರಿಯೇ. ಅವನ ಹೆಸರಿನಲ್ಲಿ ನಾನು ಒಮ್ಮೆ ಕೈಯಾಡಿಸಿದ್ದು ಸಾಕು.

ನಾನು ಸುಜಾತಾ. ಅಪ್ಪ ವಡೋದರಾದ ಫತೇಗಂಜ್‌ನಲ್ಲಿ ಒಂದು ಉಡುಪಿ ಹೋಟೆಲಿನ ದೋಸೆ ಭಟ್ಟರು. ಹೋಟೆಲು ಬೇರೆಯವರದು, ಕಾವಲಿ ಮಾತ್ರ ಅಪ್ಪನದು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅಮ್ಮ ಅಷ್ಟೂ ಇಲ್ಲ. ಯೂನಿವರ್ಸಿಟಿಯ ಹುಡುಗರು ಪುಸ್ತಕವನ್ನು ಮೇಜಿನ ಮೇಲಿಟ್ಟು ಮಸಾಲೆ ದೋಸೆ ತಿನ್ನುವುದನ್ನು ನೋಡುತ್ತಲೇ ಬೆಳೆದೆ. ಹನ್ನೆರಡನೆಯದು ಮುಗಿದ ಮೇಲೆ ಬೆಳಿಗ್ಗೆ ಪಾರ್ಸೆಲ್ ಕಟ್ಟುವುದು, ಮಧ್ಯಾಹ್ನ ಓದುವುದು — ದೂರಶಿಕ್ಷಣದ ಬಿ.ಎ., ಅರ್ಥಶಾಸ್ತ್ರ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚವಿರುವುದು ಮುಂದಿನದಕ್ಕೆ.

ಮೊದಲು ನಾನು ಸೇರಿದ್ದ ಒಂದು ಗುಂಪಿನಲ್ಲಿ ನನ್ನದೇ ಹೆಸರಿತ್ತು. ಬೇಡಿಕೆಯ ರೇಖೆ ಯಾಕೆ ಕೆಳಗೆ ಇಳಿಯುತ್ತದೆ ಎಂದು ಕೇಳಿದೆ. ಸಿಸ್ಟರ್, ಅದೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ, ಬಾಯಿಪಾಠ ಮಾಡಿ ಎಂದ ಒಬ್ಬ. ಫೋಟೋ ಚೆನ್ನಾಗಿದೆ ಎಂದು ಪ್ರತ್ಯೇಕವಾಗಿ ಮೆಸೇಜು ಹಾಕಿದವರು ಮೂವರು. ರೇಖೆಯ ಬಗ್ಗೆ ಹೇಳಿದವರು ಯಾರೂ ಇಲ್ಲ. ಅಲ್ಲಿಂದ ಹೊರಬಂದು ಎರಡನೆಯ ಗುಂಪು ಸೇರುವಾಗ ಸುಜಯ್ ಆದೆ. ಫೋಟೋ ಜಾಗದಲ್ಲಿ ಒಂದು ಸೇತುವೆ.

ಆದರೆ ಈ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಹೊಸಬರು ತಮ್ಮ ಸ್ವರದಲ್ಲೇ ಹೆಸರು, ಊರು, ಗುಜರಾತಿನಲ್ಲಿ ಎಲ್ಲಿದ್ದೀರಿ ಎಂದು ಹೇಳಿ ಕಳಿಸಬೇಕು. ದೂರದಲ್ಲಿ ಕನ್ನಡ ಕೇಳುವ ಆಸೆಯಿಂದ ಯಾರೋ ಶುರು ಮಾಡಿದ್ದು. ನಾನೇನು ಮಾಡಲಿ? ಫೋನನ್ನು ಅಪ್ಪನ ಬಾಯಿಗೆ ಹಿಡಿದೆ.

“ನಿನ್ನ ಸ್ವರಕ್ಕೆ ಎಂತ ಆಗಿದೆ ಮಾರಾಯ್ತಿ?” ಎಂದರು ಅಪ್ಪ. ಆದರೂ ಕಾವಲಿಯ ಮೇಲಿನ ದೋಸೆ ಮಗುಚಿಕೊಂಡೇ ಹೇಳಿದರು — ನಾನು ಸುಜಯ್, ಉಡುಪಿ ಕಡೆ, ಈಗ ಫತೇಗಂಜ್. ಗುಂಪಿನವರು ನಕ್ಕರು. ಅಣ್ಣ, ನಿಮಗೆ ಐವತ್ತು ದಾಟಿದ ಹಾಗಿದೆ, ಈಗ ಓದುತ್ತಿದ್ದೀರಾ, ಭಲೇ ಎಂದರು. ಒಂದೇ ದಿನದಲ್ಲಿ ನಾನು ಸುಜಯಣ್ಣ. ಕೇಳಿದ ಪ್ರಶ್ನೆಗೆಲ್ಲ ಉತ್ತರ ಬಂತು. ಆರು ತಿಂಗಳಲ್ಲಿ ಉತ್ತರ ಕೊಡುವವಳೂ ಆದೆ, ಅಡ್ಮಿನ್ ಕೂಡ ಆದೆ. ಪರೀಕ್ಷೆಯ ಫಾರ್ಮು ತುಂಬುವ ದಿನ, ಅಸೈನ್‌ಮೆಂಟ್ ಕೊಡುವ ದಿನ — ಎಲ್ಲ ನಾನೇ ನೆನಪಿಸುತ್ತಿದ್ದೆ. ಕೆಲಸಕ್ಕೆ ಹೋಗುತ್ತ ಓದುವವರಿಗೆ ಆ ನೆನಪೋಲೆಗಳೇ ಕಾಲೇಜು.

ಆಗ ವೀರೇಶ ಬಂದ.

“ನಾ ವೀರೇಶ. ಬೆಟಗೇರಿ ಕಡೆಯಾಂವ. ಸೂರತ್ ಕತಾರ್‌ಗಾಮದಾಗ ಎಂಬ್ರಾಯಿಡರಿ ಮಷೀನ್ ಮ್ಯಾಲೆ ಕೆಲಸ. ದನಿ ಕೇಳಿ ಅಕ್ಕ ಅನಬ್ಯಾಡ್ರಿ. ಅಣ್ಣ ಅನ್ರಿ, ಇಲ್ಲಾ ಬರೇ ವೀರೇಶ ಅನ್ರಿ.”

ತೆಳ್ಳಗಿನ ದನಿ. ಹುಟ್ಟಿದಾಗಿನಿಂದ ಹೆಣ್ಣೆಂದು ಊರು ಬೆಳೆಸಿದವನ ದನಿ. ಅದನ್ನು ಅವನು ಅಡಗಿಸಲಿಲ್ಲ, ದಪ್ಪ ಮಾಡಿಕೊಳ್ಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ — ನಾನು ಮಾಡಲಾರದ್ದನ್ನು ಅವನು ಹದಿನೈದು ಸೆಕೆಂಡಿನಲ್ಲಿ ಮಾಡಿದ.

ಗುಂಪಿನಲ್ಲಿ ಗುಲ್ಲೆದ್ದಿತು. ಅಕ್ಕ, ತಮಾಷೆ ಸಾಕು ಎಂದರು. ವೀರೇಶಿ ಎಂದರು. ಒಬ್ಬ ಮತದಾನವನ್ನೇ ಇಟ್ಟ: ‘ಅಣ್ಣನೋ ಅಕ್ಕನೋ, ವೋಟು ಹಾಕಿ.’ ಅಡ್ಮಿನ್ ಆದ ನಾನು ಅದನ್ನು ಒಂದೇ ಒತ್ತಿನಲ್ಲಿ ಅಳಿಸಬಹುದಿತ್ತು. ಬೆರಳು ಅಲ್ಲಿಯವರೆಗೂ ಹೋಗಿತ್ತು. ಅಷ್ಟರಲ್ಲಿ ಇನ್ನೊಬ್ಬ ಬರೆದ — ಹಾಗಾದರೆ ಸುಜಯಣ್ಣನ ದನಿಯನ್ನೂ ಇನ್ನೊಮ್ಮೆ ಕೇಳಿಬಿಡೋಣ, ಅಜ್ಜನ ದನಿ ಅದು. ಕೆಳಗೆ ಹತ್ತಾರು ನಗು.

ಅವನದು ತಮಾಷೆ. ನಾನು ಬೆರಳು ಹಿಂದಕ್ಕೆ ತೆಗೆದೆ. ಕಂಡುಹಿಡಿದರೆ — ಇಷ್ಟು ದಿನ ಸಿಕ್ಕ ಮರ್ಯಾದೆ, ಉತ್ತರ, ಎಲ್ಲ... ಎಲ್ಲರ ಕಣ್ಣು ವೀರೇಶನ ಮೇಲೇ ಇರಲಿ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ, ಗೊತ್ತಿಲ್ಲದೆ ಆದದ್ದಲ್ಲ. ‘ಅಕ್ಕ’ ಎಂಬುದರ ಮೇಲೆ ಒತ್ತಿದೆ. ವೋಟು ಹಾಕಿದವರ ಪಟ್ಟಿಯಲ್ಲಿ ಸುಜಯ್ ಎಂದು ಬಂತು. ಆಮೇಲೆ ಬರೆದೆ — “ಸುಳ್ಳು ಹೇಳುವವರಿಗೆ ಇಲ್ಲಿ ಜಾಗವಿಲ್ಲ. ನೀವು ಎಂದೂ ಅಣ್ಣ ಆಗುವುದಿಲ್ಲ.” ಅವನು ಏನೋ ಬರೆಯುತ್ತಿದ್ದಾನೆ ಎಂದು ತೋರಿಸುತ್ತಿತ್ತು. ಬರೆದು ಮುಗಿಸಲು ನಾನು ಬಿಡಲಿಲ್ಲ. ಹೊರಗೆ ಹಾಕಿದೆ. ಸುಜಯಣ್ಣ ಜಿಂದಾಬಾದ್ ಎಂದರು. ನಾನು ಕೈಮುಗಿಯುವ ಚಿಹ್ನೆ ಹಾಕಿದೆ.

ಆ ವರ್ಷ ನಾನು ಪಾಸಾದೆ. ಫಸ್ಟ್ ಕ್ಲಾಸ್. ಅಪ್ಪ ಆ ಬೆಳಿಗ್ಗೆ ಬಂದ ಗಿರಾಕಿಗಳಿಗೆಲ್ಲ ಕೇಸರಿಬಾತ್ ಹಂಚಿದರು, ಗುಜರಾತಿಯಲ್ಲಿ ‘ಮಾರಿ ದೀಕರಿ’ ಎನ್ನುತ್ತ, ನನ್ನ ಮಗಳು, ನನ್ನ ಮಗಳು ಎಂದು. ಕರಿ ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಂಡೆ. ಗುಂಪಿಗೆ ಹಾಕಲು ಹೋದೆ — ಹಾಕುವುದು ಹೇಗೆ? ಅಲ್ಲಿ ಪಾಸಾಗಿದ್ದವನು ಸುಜಯ್. ನನಗೆಂದು ಬಂದ ಅಭಿನಂದನೆಗಳೆಲ್ಲ ಅವನ ಹೆಸರಿನಲ್ಲಿ ಸಾಲುಗಟ್ಟಿ ನಿಂತಿದ್ದವು. ನಾನು ಬೆವರು ಸುರಿಸಿದ್ದು, ಹಾರ ಬಿದ್ದದ್ದು ಇಲ್ಲದವನ ಕೊರಳಿಗೆ. ಆಗ ಹೊಳೆಯಿತು, ಒಬ್ಬರನ್ನು ಅವರಲ್ಲದ ಹೆಸರಿನಿಂದ ಕರೆದರೆ ಹೇಗಿರುತ್ತದೆ ಎಂದು. ಅದೂ ನನ್ನದು ನಾನೇ ಹಾಕಿಕೊಂಡ ವೇಷ, ಬೇಕಾದಾಗ ಕಳಚಬಹುದಿತ್ತು. ವೀರೇಶನಿಗೆ ಕಳಚಲು ಏನಿತ್ತು? ಅವನು ಅವನೇ.

ಮೈಕಿನ ಗುರುತು ಒತ್ತಿ ಹಿಡಿದೆ. ನನ್ನ ಸ್ವರದಲ್ಲೇ ಹೇಳಿದೆ. ನಾನು ಸುಜಾತಾ. ಮೊದಲ ದಿನ ನೀವು ಕೇಳಿದ ದನಿ ಹೋಟೆಲಿನಲ್ಲಿ ದೋಸೆ ಹೊಯ್ಯುವ ನಮ್ಮಪ್ಪನದು. ನಾನು ನಿಮಗೆಲ್ಲ ಸುಳ್ಳು ಹೇಳಿದೆ, ನಿಜ ಹೇಳಿದವನನ್ನು ಸುಳ್ಳುಗಾರ ಎಂದು ಅಟ್ಟಿದೆ.

ಕೆಲವರು ಗುಂಪು ಬಿಟ್ಟರು. ಕೆಲವರು ಬೈದರು; ಬೈಯಿಸಿಕೊಂಡೆ. ಒಬ್ಬ ಮಾತ್ರ, ಅಪ್ಪನ ಹೋಟೆಲು ಎಲ್ಲಿ, ದೋಸೆಯಾದರೂ ನಿಜವೇ ಎಂದು ಕೇಳಿದ. ಅಡ್ಮಿನ್ ಕೆಲಸ ಬಿಡುತ್ತೇನೆ ಎಂದಾಗ ಒಬ್ಬಾಕೆ, ಅದುವರೆಗೆ ಒಂದು ಮಾತೂ ಆಡದಿದ್ದವಳು, ಬರೆದಳು: ಬಿಡುವುದು ಸುಲಭ ಅಕ್ಕ, ಮೊದಲು ಅವರನ್ನು ಕರೆದುಕೊಂಡು ಬನ್ನಿ.

ವೀರೇಶನ ನಂಬರು ಇತ್ತು. ಫೋನ್ ಮಾಡಿದೆ, ಬರ್ರಿ ಎಂದ. ಭಾನುವಾರ ರೈಲು ಹತ್ತಿ ಸೂರತ್‌ಗೆ ಹೋದೆ. ಕತಾರ್‌ಗಾಮದಲ್ಲಿ ಅವನ ಕಾರ್ಖಾನೆಯ ಪಕ್ಕದ ಚಹಾ ಅಂಗಡಿ. ಮೋಟು ಕೂದಲು, ಅಂಗಿಯ ತೋಳಿಗೆ ಜರಿಯ ಚೂರು ಅಂಟಿಕೊಂಡಿತ್ತು. ನಾನು ಎಲ್ಲ ಹೇಳಿದೆ. ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಅವನು ಹೇಳಿದ್ದನ್ನು ಕೇಳಲು ನನ್ನಿಂದಾಗಲಿಲ್ಲ. ಪರೀಕ್ಷೆಯ ಫಾರ್ಮಿನ ದಿನ ಗುಂಪಿನಲ್ಲಿ ಗೊತ್ತಾಗುತ್ತದೆ ಎಂದೇ ಅವನು ಸೇರಿದ್ದಂತೆ. ಹನ್ನೆರಡು ತಾಸಿನ ಪಾಳಿ, ಸ್ಟಡಿ ಸೆಂಟರಿಗೆ ಹೋಗಿ ಬೋರ್ಡು ನೋಡುವಷ್ಟು ಬಿಡುವಿಲ್ಲ. ನಾನು ಹೊರಗೆ ಹಾಕಿದ ಹನ್ನೊಂದನೆಯ ದಿನಕ್ಕೆ ಕೊನೆಯ ತಾರೀಖು ದಾಟಿತು. ಅವನದು ಬಿ.ಎ.ಯ ಕೊನೆಯ ವರ್ಷ. ಪರೀಕ್ಷೆಗೆ ಕೂರಲಾಗದೆ ಅದು ಹೋಯಿತು.

“ಅಕ್ಕಾರ, ನೀವು ನಿಮ್ಮನ್ನ ಮುಚ್ಚಿ ಇಟ್ರಿ, ಎಲ್ಲಾರೂ ನಂಬಿದ್ರು. ನಾ ಖರೇ ಹೇಳಿದ್ನಿ, ಒಬ್ಬರೂ ನಂಬಲಿಲ್ಲ. ಕ್ಷಮಾ-ಗಿಮಾ ಆಮ್ಯಾಲೆ ನೋಡೂಣು. ಈ ಸಲದ ಫಾರ್ಮ್ ಯಾವಾಗ, ಅದ ಹೇಳ್ರಿ ಮೊದಲ.”

ಹೇಳಿದೆ. ಅಂದಿನಿಂದ ಪರೀಕ್ಷೆಯವರೆಗೆ ಹೇಳುತ್ತಲೇ ಇದ್ದೆ. ಗುಂಪಿಗೆ ಅವನು ಮರಳಿದ, ಆದರೆ ಒಂದು ಷರತ್ತಿನ ಮೇಲೆ: ಯಾರ ದನಿಯನ್ನೂ ಕಡ್ಡಾಯವಾಗಿ ಕೇಳಬಾರದು. ಈಗ ಹೊಸಬರಿಗೆ ನಮ್ಮದು ಒಂದೇ ಪ್ರಶ್ನೆ — ನಿಮ್ಮನ್ನು ಏನೆಂದು ಕರೆಯಬೇಕು? ಮೊದಮೊದಲು ಕೆಲವರು, ನನ್ನನ್ನು ಮಹಾರಾಜ ಎನ್ನಿ ಎಂದು ಕುಚೋದ್ಯ ಮಾಡಿದರು. ಮಹಾರಾಜ, ನಾಳೆ ಅಸೈನ್‌ಮೆಂಟು ಕೊಡುವ ಕೊನೆಯ ದಿನ ಎಂದು ನಾವೂ ಬರೆದೆವು. ಒಂದು ವಾರದಲ್ಲಿ ಆ ಮಹಾರಾಜರು ಸಿಂಹಾಸನ ಇಳಿದು ತಮ್ಮ ಹೆಸರು ಹೇಳಿದರು. ಹುಡುಗಿಯರು ತಮ್ಮ ಹೆಸರಿನಲ್ಲೇ ಪ್ರಶ್ನೆ ಕೇಳತೊಡಗಿದರು. ಅವರಿಗೆ ಅರ್ಥಶಾಸ್ತ್ರದಲ್ಲಿ ಎಲ್ಲರಿಗಿಂತ ಚೆನ್ನಾಗಿ ಉತ್ತರ ಕೊಡುವವನು ವೀರೇಶ. ಬೇಡಿಕೆಯ ರೇಖೆಯನ್ನು ಸೂರತ್ತಿನ ಸೀರೆಯ ದರದಿಂದ ವಿವರಿಸಿದ. ಅಷ್ಟು ಸರಳವಾಗಿ ನನಗೂ ಅದು ತಿಳಿದಿರಲಿಲ್ಲ.

ಈ ವರ್ಷ ಅವನು ಪಾಸಾದ. ನನಗಿಂತ ನಾಲ್ಕು ಅಂಕ ಹೆಚ್ಚು!

ಮನೆಯಲ್ಲಿ ಮೊದಲ ಪದವೀಧರರಾದವರನ್ನೆಲ್ಲ ಸೇರಿಸಿ, ಅಹಮದಾಬಾದಿನ ನವರಂಗಪುರದಲ್ಲಿ ಒಂದು ಚಿಕ್ಕ ಹಾಲ್ ಹಿಡಿದು ಗುಂಪಿನಿಂದ ಸನ್ಮಾನ ಇಟ್ಟೆವು. ಅಲ್ಲಿಯವರೆಗೆ ಎಷ್ಟೋ ಮುಖಗಳನ್ನು ನಾವು ನೋಡಿರಲಿಲ್ಲ. ವಿಶ್ವವಿದ್ಯಾಲಯದ ಕಾಗದದಲ್ಲಿ ವೀರೇಶನ ಹಳೆಯ ಹೆಸರೇ ಇದೆ; ಬದಲಿಸಲು ಅರ್ಜಿ ಹಾಕಿದ್ದಾನೆ, ಓಡಾಡುತ್ತಿದ್ದಾನೆ. ನಮ್ಮ ಪ್ರಮಾಣಪತ್ರಕ್ಕೆ ಅರ್ಜಿ ಬೇಕಿರಲಿಲ್ಲ. ಅವನು ಹೇಳಿದ ಹೆಸರನ್ನು ನಾನೇ ಕೂತು ದಪ್ಪ ಅಕ್ಷರದಲ್ಲಿ ಬರೆದೆ.

ಅವನ ಹೆಸರು ಕೂಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಆ ದಿನ ಮತದಾನ ಇಟ್ಟವನೂ ಎದ್ದು ನಿಂತು ತಟ್ಟುತ್ತಿದ್ದ. ವೀರೇಶ ಒಬ್ಬನೇ ಬರಲಿಲ್ಲ, ಅವ್ವನ ಕೈ ಹಿಡಿದುಕೊಂಡು ವೇದಿಕೆ ಹತ್ತಿದ. ಆಕೆಗೆ ಎಲ್ಲವೂ ಗೊತ್ತಿತ್ತು. ಯಾರು ಹೊರಗೆ ಹಾಕಿದ್ದು ಎಂಬುದೂ ಗೊತ್ತಿತ್ತು. ನಾನು ಪ್ರಮಾಣಪತ್ರ ಚಾಚಿದೆ. ಅವನು ತೆಗೆದುಕೊಂಡು ಅವ್ವನ ಕೈಗೆ ಕೊಟ್ಟ. ಆಕೆ ಅದನ್ನು ಸೆರಗಿನಿಂದ ಒಮ್ಮೆ ಒರೆಸಿ, ಎದೆಗೆ ಒತ್ತಿ ಹಿಡಿದು, ನನ್ನ ಮುಖ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ — ತಗ್ಗಿಸಿದರೆ ಅದೂ ತಪ್ಪಿಸಿಕೊಂಡ ಹಾಗೆ.

“ತಂಗಿ, ನೀ ಒಂದ್ ವರ್ಷ ಕಳದಿ ನಮ್ಮದು,” ಎಂದರು. “ಆದ್ರ ನನ್ನ ಮಗನ್ನ ನಿಲ್ಲಸೂದು ನಿನ್ನ ಕೈಲೆ ಆಗ್ಲಿಲ್ಲ ನೋಡು.”